ಕೊಳ್ಳುವವರ ಕೈಯಲ್ಲೂ ಒಂದು ತಕ್ಕಡಿ

ತಕ್ಕಡಿಯಲ್ಲಿ ಮೋಸ ಮಾಡುವ ವರ್ತಕನನ್ನು ಕುರಿತ ಪ್ರಬೋಧನೆಯನ್ನು ಕೇಳದ ಕಥೋಲಿಕ ವಿಶ್ವಾಸಿ ಇರಲಾರನು. ಸಬ್ಬತ್ ದಿನ ಮುಗಿಯುವುದನ್ನೇ ಕಾಯುತ್ತ, ಅಳತೆಯ ಕೊಳಗವನ್ನು ಕಿರಿದುಗೊಳಿಸಿ, ಗೋದಿಯೊಡನೆ ಹೊಟ್ಟನ್ನೂ ಸೇರಿಸಿ ಬಡವರಿಗೆ ಮಾರುತ್ತಿದ್ದ ಇಸ್ರಯೇಲಿನ ವ್ಯಾಪಾರಿಗಳನ್ನು ಪ್ರವಾದಿ ಆಮೋಸನು ಎಷ್ಟು ಕಟುವಾಗಿ ಖಂಡಿಸಿದನೆಂಬುದು ನಮಗೆಲ್ಲ ತಿಳಿದಿದೆ. ಕಲಬೆರಕೆ, ಕಳ್ಳತೂಕ, ಅತಿಲಾಭ ಇವೆಲ್ಲ ಪಾಪವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅಷ್ಟೇ ಅಲ್ಲ, ಆ ಪಾಪಗಳ ಬಗ್ಗೆ ಕೇಳುವಾಗ ನಮ್ಮೊಳಗೆ ಒಂದು ಬಗೆಯ ನೆಮ್ಮದಿಯೂ ಇರುತ್ತದೆ. ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ವ್ಯಾಪಾರಿಗಳಲ್ಲ, ಗಿರಾಕಿಗಳು. ತಕ್ಕಡಿ ಇರುವುದು ಆಚೆಯವನ ಕೈಯಲ್ಲಿ.

ಆದರೆ ತಕ್ಕಡಿಯ ಈಚೆ ನಿಂತವರಿಗೆ ಧರ್ಮವೊಂದಿಲ್ಲವೇ? ಪಾಪನಿವೇದನೆಗೆ ಮುನ್ನ ಅಂತಃಕರಣವನ್ನು ಪರಿಶೋಧಿಸಿಕೊಳ್ಳುವಾಗ ಕೋಪ, ಸುಳ್ಳು, ಪ್ರಾರ್ಥನೆಯಲ್ಲಿ ಅಲಕ್ಷ್ಯ ಇವುಗಳನ್ನು ನೆನಪಿಗೆ ತಂದುಕೊಳ್ಳುವ ನಾವು, ಆ ವಾರ ಪೇಟೆಯಲ್ಲಿ ಏನನ್ನು, ಯಾರಿಂದ, ಯಾವ ಬೆಲೆಗೆ, ಯಾವ ಮಾತನ್ನಾಡಿ ಕೊಂಡೆವೆಂಬುದನ್ನು ನೆನೆಯುವುದುಂಟೇ? ಕೊಳ್ಳುವುದು ಕೇವಲ ಹಣಕಾಸಿನ ವಿಷಯ, ಅದಕ್ಕೂ ಆತ್ಮಕ್ಕೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಗೆ ಪವಿತ್ರ ಗ್ರಂಥದ ಬೆಂಬಲವಿಲ್ಲ, ಧರ್ಮಸಭೆಯ ಬೋಧನೆಯ ಬೆಂಬಲವೂ ಇಲ್ಲ.

ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಜೂಬಿಲಿ ವರ್ಷದ ನಿಯಮಗಳಿವೆ. ಅಲ್ಲಿ ಸರ್ವೇಶ್ವರ ಸ್ವಾಮಿ ಜನರಿಗೆ ವಿಧಿಸಿದ್ದು ಮಾರುವವನಿಗೆ ಮಾತ್ರ ಅನ್ವಯಿಸುವ ಕಟ್ಟಳೆಯಲ್ಲ. ನೆರೆಯವನಿಗೆ ಮಾರಿದರೂ ಸರಿ, ನೆರೆಯವನಿಂದ ಕೊಂಡರೂ ಸರಿ, ಒಬ್ಬರು ಇನ್ನೊಬ್ಬರಿಗೆ ಅನ್ಯಾಯ ಮಾಡಬಾರದು ಎಂಬುದೇ ಅದರ ತಾತ್ಪರ್ಯ. ಜ್ಞಾನೋಕ್ತಿಗಳ 20ನೇ ಅಧ್ಯಾಯವಂತೂ ಗಿರಾಕಿಯ ಚಿತ್ರವನ್ನೇ ಬಿಡಿಸಿಬಿಟ್ಟಿದೆ. ಕೊಳ್ಳುವಾಗ ಸರಕು ಕೆಟ್ಟದ್ದೆಂದು ಮತ್ತೆ ಮತ್ತೆ ಹಳಿಯುವವನು, ಕೊಂಡು ಹೊರಟ ಮೇಲೆ ತನ್ನ ಜಾಣತನವನ್ನು ಹೊಗಳಿಕೊಳ್ಳುತ್ತಾನೆಂದು ಅದು ಹೇಳುತ್ತದೆ. ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಈ ಚಿತ್ರದಲ್ಲಿ ನಮ್ಮ ಮುಖವನ್ನು ಗುರುತಿಸಲು ಕಷ್ಟವೇನಿಲ್ಲ.

13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಈ ವಿಷಯವನ್ನು ಇನ್ನಷ್ಟು ನಿಖರವಾಗಿ ವಿವೇಚಿಸಿದ್ದಾರೆ. ವಸ್ತುವಿನ ಯೋಗ್ಯತೆಗಿಂತ ಹೆಚ್ಚಿನ ಬೆಲೆಗೆ ಮಾರುವುದು ಹೇಗೆ ಅನ್ಯಾಯವೋ, ಯೋಗ್ಯತೆಗಿಂತ ಕಡಿಮೆಗೆ ಕೊಳ್ಳುವುದೂ ಹಾಗೆಯೇ ಅನ್ಯಾಯ ಎಂಬುದು ಅವರ ನಿಲುವು. ಅರಿಯದವನೊಬ್ಬನು ಬಂಗಾರವನ್ನು ಹಿತ್ತಾಳೆಯೆಂದು ಭಾವಿಸಿ ಮಾರಿದರೆ, ಅದನ್ನು ತಿಳಿದೂ ಕೊಂಡವನು ಆ ನಷ್ಟವನ್ನು ತುಂಬಿಕೊಡಲು ಬದ್ಧನೆಂದು ಅವರು ಹೇಳುತ್ತಾರೆ. ‘ಅವನೇ ಕೊಟ್ಟ, ನಾನು ಕೊಂಡೆ’ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಬುಟ್ಟಿಯ ಮುಂದೆ, ಮಳಿಗೆಯ ಮುಂದೆ

ಈ ತತ್ತ್ವವನ್ನು ನಮ್ಮ ಕರಾವಳಿಯ ದಿನನಿತ್ಯದ ಬದುಕಿಗೆ ಹೊಂದಿಸಿ ನೋಡೋಣ. ಬೆಳಗ್ಗೆ ಅಂಗಳದ ಬದಿಯಲ್ಲಿ ‘ಬಾಯಮ್ಮಾ, ಬಂಗುಡೆ ಉಂಟು, ಬೂತಾಯಿ ಉಂಟು’ ಎಂಬ ಕರೆ ಕೇಳುತ್ತದೆ. ಮೀನಿನ ಬುಟ್ಟಿ ನೆಲಕ್ಕಿಳಿಯುತ್ತದೆ. ಮೀನಿನ ಕಿವಿರು ಎತ್ತಿ ನೋಡಿ, ನಿನ್ನೆಯದಲ್ಲವೇ ಎಂದು ಪ್ರಶ್ನಿಸಿ, ಹೇಳಿದ ಬೆಲೆಯ ಅರ್ಧದಿಂದ ಚೌಕಾಸಿ ಆರಂಭವಾಗುತ್ತದೆ. ಹತ್ತು ನಿಮಿಷಗಳ ವಾದದ ಬಳಿಕ ಇಪ್ಪತ್ತು ರೂಪಾಯಿ ಇಳಿಯುತ್ತದೆ. ಮೇಲಿಂದ ಎರಡು ಮೀನು ಹೆಚ್ಚಿಗೆ ಬೀಳುತ್ತದೆ. ಮೀನು ತಾಜಾ ಆಗಿತ್ತೆಂಬುದು ಮಧ್ಯಾಹ್ನ ಊಟದ ಹೊತ್ತಿಗೆ ಮನೆಮಂದಿಗೆಲ್ಲ ತಿಳಿಯುತ್ತದೆ, ಅದನ್ನು ಎಷ್ಟು ಅಗ್ಗಕ್ಕೆ ಕೊಂಡೆವೆಂಬುದೂ ತಿಳಿಯುತ್ತದೆ.

ಅದೇ ದಿನ ಸಂಜೆ ಅದೇ ಕುಟುಂಬ ನಗರದ ಹವಾನಿಯಂತ್ರಿತ ಮಳಿಗೆಗೆ ಹೋಗುತ್ತದೆ. ಅಂಗಿಯ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಬೆಲೆ ಅಚ್ಚಾಗಿದೆ. ಅದು ಹೆಚ್ಚೆಂದು ಅನ್ನಿಸಿದರೂ ಯಾರೂ ಬಾಯಿ ತೆರೆಯುವುದಿಲ್ಲ. ಕೈಚೀಲಕ್ಕೆ ಪ್ರತ್ಯೇಕ ದರವೆಂದರೂ ಕೊಡುತ್ತೇವೆ. ಅಲ್ಲಿ ಚೌಕಾಸಿ ಮಾಡುವುದು ನಮ್ಮ ಅಂತಸ್ತಿಗೆ ಕುಂದೆಂದು ತೋರುತ್ತದೆ.

ಹೀಗೆ ಬಲಿಷ್ಠನ ಮುಂದೆ ಮೌನ, ದುರ್ಬಲಳ ಮುಂದೆ ವಾದ ನಮ್ಮ ರೂಢಿಯಾಗಿಬಿಟ್ಟಿದೆ. ಕಾಸು ಉಳಿಸುವ ಹಟ ಎಲ್ಲಿ ಕಡಿಮೆ ಪ್ರತಿರೋಧವಿದೆಯೋ ಅಲ್ಲಿಯೇ ಪ್ರಕಟವಾಗುವುದಾದರೆ, ಅದನ್ನು ಮಿತವ್ಯಯವೆಂಬ ಸದ್ಗುಣದ ಹೆಸರಿನಿಂದ ಕರೆಯುವುದು ಹೇಗೆ?

ಆ ಬುಟ್ಟಿಯ ಹಿಂದಿನ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಮಂಗಳೂರಿನ ದಕ್ಕೆಯಲ್ಲೋ ಮಲ್ಪೆಯ ಬಂದರಿನಲ್ಲೋ ನಸುಕಿನಲ್ಲಿಯೇ ಏಲಂ ಕೂಗಿ ಮೀನು ಕೊಂಡವಳು ಆಕೆ. ಮಂಜುಗಡ್ಡೆಗೆ ಹಣ ಕೊಡಬೇಕು, ವಾಹನದ ಬಾಡಿಗೆ ಕೊಡಬೇಕು. ಕೆಲವೊಮ್ಮೆ ಬಂಡವಾಳವೇ ಬಡ್ಡಿಯ ಸಾಲದ್ದು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಆಕೆಯ ವ್ಯಾಪಾರವೂ ಸೊರಗುತ್ತದೆ. ಲೆಕ್ಕಕ್ಕಾಗಿ ಒಂದು ದಿನವನ್ನು ಹೀಗೆ ಭಾವಿಸಿಕೊಳ್ಳೋಣ: ಮೀನಿಗೆ 2,000 ರೂಪಾಯಿ, ಮಂಜುಗಡ್ಡೆ ಮತ್ತು ಬಾಡಿಗೆಗೆ 200 ರೂಪಾಯಿ. ಬುಟ್ಟಿ ಖಾಲಿಯಾಗುವ ಹೊತ್ತಿಗೆ ಸರಿಯಾದ ಬೆಲೆಯಲ್ಲಿ 2,600 ರೂಪಾಯಿ ಕೈಸೇರಿದರೆ ಆಕೆಯ ದಿನದ ದುಡಿಮೆ 400 ರೂಪಾಯಿ. ಹತ್ತು ಮನೆಗಳವರು ತಲಾ 20 ರೂಪಾಯಿ ಇಳಿಸಿದರೆ ಅದು 200ಕ್ಕೆ ಇಳಿಯುತ್ತದೆ. ನಮ್ಮ ಪಾಲಿಗೆ ಅದು ಇಪ್ಪತ್ತೇ ರೂಪಾಯಿ. ಆಕೆಯ ಪಾಲಿಗೆ ಅರ್ಧ ದಿನದ ಬೆವರು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ನಾವೇನು ಶ್ರೀಮಂತರೇ? ತಿಂಗಳ ಸಂಬಳದಲ್ಲಿ ಮಕ್ಕಳ ಶಾಲಾ ಶುಲ್ಕ, ಹಿರಿಯರ ಔಷಧಿ, ಮನೆ ಬಾಡಿಗೆ ಎಲ್ಲವೂ ಸಾಗಬೇಕು. ಅಲ್ಲದೆ ಚೌಕಾಸಿ ಮಾಡುತ್ತಾರೆಂದು ತಿಳಿದೇ ವ್ಯಾಪಾರಿಗಳು ಬೆಲೆಯನ್ನು ಏರಿಸಿ ಹೇಳುವುದಿಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಮನೆಯ ಹಣವನ್ನು ಎಚ್ಚರದಿಂದ ಖರ್ಚು ಮಾಡುವುದು ಗೃಹಸ್ಥಧರ್ಮ. ಚೌಕಾಸಿ ತಾನಾಗಿ ಪಾಪವಲ್ಲ. ನಮ್ಮ ಸಂತೆಗಳಲ್ಲಿ ಅದು ಬೆಲೆಯನ್ನು ಗೊತ್ತುಮಾಡುವ ಮಾತುಕತೆ, ಎಷ್ಟೋ ಸಲ ಸ್ನೇಹದ ಮಾತುಕತೆಯೂ ಹೌದು. ಎರಡು ಪಟ್ಟು ಹೇಳಿದವನಿಗೆ ಒಂದು ಪಟ್ಟಿನ ಬೆಲೆಯನ್ನು ಕೊಟ್ಟರೆ ಅದರಲ್ಲಿ ಯಾರಿಗೂ ಅನ್ಯಾಯವಿಲ್ಲ.

ಆದರೆ ಆ ಮಾತುಕತೆಗೆ ಮೂರು ಎಲ್ಲೆಗಳಿವೆ. ಒಳ್ಳೆಯ ಸರಕನ್ನು ಕೆಟ್ಟದ್ದೆಂದು ಹಳಿಯಕೂಡದು, ಅದು ಸುಳ್ಳು. ಎದುರಿನವರ ಅಸಹಾಯಕತೆಯನ್ನು ಬಳಸಿಕೊಳ್ಳಕೂಡದು. ಸಂಜೆ ಕವಿದು, ಮೀನು ಕೆಡುವ ಹೊತ್ತಾಗಿ, ಬುಟ್ಟಿ ಖಾಲಿ ಮಾಡದೆ ಮನೆಗೆ ಮರಳಲಾಗದವಳು ಯಾವ ಬೆಲೆಗೂ ಒಪ್ಪಿಯಾಳು. ಆ ಒಪ್ಪಿಗೆ ಮನಸ್ಸಿನದಲ್ಲ, ಸಂಕಟದ್ದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವು ಪರರ ಅಜ್ಞಾನ ಅಥವಾ ಕಷ್ಟವನ್ನು ಬಳಸಿಕೊಂಡು ಬೆಲೆ ಏರಿಸುವುದನ್ನು ಏಳನೆಯ ಕಟ್ಟಳೆಯ ಉಲ್ಲಂಘನೆಗಳ ಸಾಲಿನಲ್ಲಿ ಸೇರಿಸಿದೆ. ಅದೇ ಕಷ್ಟವನ್ನು ಬಳಸಿಕೊಂಡು ಬೆಲೆ ಇಳಿಸುವುದು ಹೇಗೆ ನಿರ್ದೋಷವಾದೀತು? ಮೂರನೆಯದಾಗಿ, ದುಡಿದವರ ಅಸಲು ಮುಳುಗುವಷ್ಟು, ಅವರ ಊಟಕ್ಕೆ ಕುತ್ತು ಬರುವಷ್ಟು ಬೆಲೆಯನ್ನು ಎಳೆಯಕೂಡದು.

ಮಲ್ಲಿಗೆಯ ಪಾಠ

ನ್ಯಾಯವಾದ ಬೆಲೆಯೆಂದರೇನು ಎಂಬುದನ್ನು ನಮ್ಮವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಉಡುಪಿ ಜಿಲ್ಲೆಯ ಶಂಕರಪುರ ಮತ್ತು ಸುತ್ತಲಿನ ಊರುಗಳಲ್ಲಿ ಮಲ್ಲಿಗೆ ಬೆಳೆಯನ್ನು ನೆಚ್ಚಿ ಬದುಕುವ ಕುಟುಂಬಗಳಲ್ಲಿ ಕಥೋಲಿಕರ ಸಂಖ್ಯೆ ಗಣನೀಯವಾಗಿದೆ. ಮುಂಜಾನೆ ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಹೊತ್ತೇರುವ ಮುನ್ನ ಕಟ್ಟೆಗೆ ತಲುಪಿಸುವ ಈ ದುಡಿಮೆಯಲ್ಲಿ ಹೆಂಗಸರ ಪಾಲೇ ಹಿರಿದು. 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ಪ್ರತಿದಿನವೂ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮದುವೆ, ಉತ್ಸವಗಳ ದಿನಗಳಲ್ಲಿ ಅದು ಏರುತ್ತದೆ, ಬೇಡಿಕೆಯಿಲ್ಲದ ದಿನಗಳಲ್ಲಿ ನೆಲಕಚ್ಚುತ್ತದೆ. ಮೊಗ್ಗು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಕೊಯ್ಯಲೇಬೇಕು, ಕಟ್ಟಲೇಬೇಕು, ಬಂದ ದರಕ್ಕೆ ಕೊಡಲೇಬೇಕು.

3,200 ಹೂಗಳನ್ನು ಒಂದೊಂದಾಗಿ ಕೊಯ್ದು ಕಟ್ಟಿದ ಬೆರಳುಗಳಿಗೆ ದರ ಬಿದ್ದ ದಿನ ಏನನ್ನಿಸುತ್ತದೆಂಬುದು ಆ ಮನೆಗಳವರಿಗೆ ಗೊತ್ತು. ತಮ್ಮ ಬೆವರಿಗೆ ತಕ್ಕ ಬೆಲೆ ಬರಲಿ ಎಂದು ಅವರು ಬಯಸುವುದು ಅತ್ಯಾಶೆಯಲ್ಲ. ಇತರರು ನಿಮಗೆ ಏನು ಮಾಡಬೇಕೆಂದು ಅಪೇಕ್ಷಿಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಬೇಕೆಂದು ಮತ್ತಾಯನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿ ಪ್ರಭು ಯೇಸು ಬೋಧಿಸಿದ್ದಾರೆ. ಇದನ್ನು ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಹೂ ಮಾರುವಾಗ ನಾವು ಬಯಸುವ ನ್ಯಾಯವನ್ನೇ ಮೀನು ಕೊಳ್ಳುವಾಗ ನಾವು ಕೊಡಬೇಕು. ಹೂವಿನ ಅಟ್ಟೆಯನ್ನು ಇಳಿಸಿದ ಕೈಯೇ ಅಲ್ಲವೇ ಮೀನಿನ ಬುಟ್ಟಿಗೆ ಚಾಚುವುದು? ನಮ್ಮಲ್ಲಿ ಯಾರೂ ಬರಿಯ ಗಿರಾಕಿಗಳಲ್ಲ. ಅಡಕೆಯನ್ನೋ ತೆಂಗನ್ನೋ, ಹೊಲಿಗೆಯ ಕೆಲಸವನ್ನೋ ಕಚೇರಿಯ ದುಡಿಮೆಯನ್ನೋ ಮಾರಿಯೇ ನಾವೆಲ್ಲರೂ ಬದುಕುತ್ತಿದ್ದೇವೆ.

ದಾನವಲ್ಲ, ಸಲ್ಲಬೇಕಾದದ್ದು

ಬಡ ವ್ಯಾಪಾರಿಗೆ ನ್ಯಾಯವಾದ ಬೆಲೆ ಕೊಡುವುದೆಂದರೆ ದಯೆ ತೋರಿಸುವುದೆಂದು ಭಾವಿಸುವವರೂ ಇದ್ದಾರೆ. ‘ಪಾಪ, ಹೋಗಲಿ, ಹತ್ತು ರೂಪಾಯಿ ಹೆಚ್ಚಿಗೆ ಇಟ್ಟುಕೋ’ ಎಂಬ ಮಾತಿನಲ್ಲಿ ಒಳ್ಳೆಯ ಮನಸ್ಸಿದೆ, ನಿಜ. ಆದರೆ ಆ ಹತ್ತು ರೂಪಾಯಿ ಮೊದಲೇ ಆಕೆಗೆ ಸಲ್ಲಬೇಕಾಗಿದ್ದುದಾದರೆ ಅದು ದಾನ ಹೇಗಾದೀತು? ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಗೃಹಸ್ಥ ವಿಶ್ವಾಸಿಗಳ ಪ್ರೇಷಿತಕಾರ್ಯವನ್ನು ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದೆ. ನ್ಯಾಯದ ಬೇಡಿಕೆಗಳು ಮೊದಲು ಪೂರೈಕೆಯಾಗಬೇಕು. ನ್ಯಾಯವಾಗಿ ಸಲ್ಲಬೇಕಾದುದನ್ನು ಪ್ರೀತಿಯ ಕೊಡುಗೆಯೆಂಬಂತೆ ನೀಡಕೂಡದು ಎಂಬುದು ಅದರ ಬೋಧನೆ.

ಈ ಬೋಧನೆಯ ಬೆಳಕಿನಲ್ಲಿ ನಮ್ಮ ಕೆಲವು ರೂಢಿಗಳು ವಿಚಿತ್ರವಾಗಿ ಕಾಣುತ್ತವೆ. ವಾರವಿಡೀ ಬುಟ್ಟಿಯವಳಿಂದ, ಸೊಪ್ಪಿನವನಿಂದ, ಚಮ್ಮಾರನಿಂದ ಹತ್ತಿಪ್ಪತ್ತು ರೂಪಾಯಿಗಳನ್ನು ಉಳಿಸುತ್ತೇವೆ. ಭಾನುವಾರ ಬಲಿಪೂಜೆಯಲ್ಲಿ ಬಡವರ ನಿಧಿಗೆಂದು ಅದರಲ್ಲೊಂದು ಭಾಗವನ್ನು ಕಾಣಿಕೆ ಡಬ್ಬಿಗೆ ಹಾಕುತ್ತೇವೆ. ಯಾವ ಬಡವರ ಹಣ, ಯಾವ ಬಡವರಿಗೆ?

ಬೀದಿಯ ತುದಿಯ ಚಿಲ್ಲರೆ ಅಂಗಡಿಯ ವಿಷಯವೂ ಇದಕ್ಕೆ ಹೊರತಲ್ಲ. ತಿಂಗಳ ಕೊನೆಯಲ್ಲಿ ಕೈ ಬರಿದಾದಾಗ ಅಕ್ಕಿ, ಸಕ್ಕರೆ, ತೆಂಗಿನೆಣ್ಣೆಯನ್ನು ಕಡ ಕೊಟ್ಟು ಪುಸ್ತಕದಲ್ಲಿ ಬರೆದಿಡುವವನು ಆ ಅಂಗಡಿಯವನು. ಸಂಬಳ ಬಂದ ದಿನ ನಾವು ನಗದು ಹಿಡಿದು ಹೋಗುವುದು ಮಾತ್ರ ಪೇಟೆಯ ದೊಡ್ಡ ಸೂಪರ್ ಮಾರ್ಕೆಟ್ಟಿಗೆ. ಹಬ್ಬದ ಮುನ್ನಾದಿನ ರಾತ್ರಿ ಹಗಲು ಹೊಲಿದು ಬಟ್ಟೆ ಕೊಟ್ಟ ದರ್ಜಿಗೆ ಹೊಸ ವರ್ಷ ಕಳೆದ ಮೇಲೆ ಹಣ ಕೊಡುವವರೂ ಇದ್ದಾರೆ. ಕೂಲಿಯವನ ಕೂಲಿಯನ್ನು ಆ ದಿನವೇ, ಸೂರ್ಯಾಸ್ತಕ್ಕೆ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ, ಆತನು ಬಡವನಾದ್ದರಿಂದ ಅದನ್ನೇ ನೆಚ್ಚಿಕೊಂಡಿರುತ್ತಾನೆಂಬ ಕಾರಣವನ್ನೂ ಹೇಳುತ್ತದೆ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿದ್ದಾರೆ. ದರ್ಜಿಯ ಬಾಕಿಗೂ ಅಂಗಡಿಯ ಕಡಕ್ಕೂ ಈ ಮಾತು ಅನ್ವಯಿಸುವುದಿಲ್ಲವೆಂದು ಹೇಳಲಾದೀತೇ?

ಕಾಣದ ಕೈಗಳು

ಬುಟ್ಟಿಯವಳ ಮುಖ ನಮಗೆ ಕಾಣುತ್ತದೆ. ಆದರೆ ಇಂದಿನ ಖರೀದಿಯಲ್ಲಿ ನಮಗೆ ಮುಖ ಕಾಣದವರೇ ಹೆಚ್ಚು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ನಗರದ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಬಹುಮಹಡಿ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು. ಹೊಲಿಗೆಯವರನ್ನು ಮಾತ್ರ ಮರುದಿನ ಕೆಲಸಕ್ಕೆ ಹತ್ತಿಸಲಾಯಿತು. ಪಾಶ್ಚಾತ್ಯ ದೇಶಗಳ ಮಳಿಗೆಗಳಿಗೆ ಅಗ್ಗದ ಉಡುಪು ಹೊತ್ತಿಗೆ ಸರಿಯಾಗಿ ತಲುಪಬೇಕಾಗಿತ್ತು. ಒಂದು ವಾರದ ಬಳಿಕ, ಮೇ ಒಂದರಂದು, ಕಾರ್ಮಿಕನಾದ ಸಂತ ಜೋಸೆಫರ ಹಬ್ಬದ ದಿನ, ಪೋಪ್ ಫ್ರಾನ್ಸಿಸರು ತಮ್ಮ ಪ್ರಬೋಧನೆಯಲ್ಲಿ ಆ ಕಾರ್ಮಿಕರ ತಿಂಗಳ ಸಂಬಳ 38 ಯೂರೋ ಮಾತ್ರವಾಗಿತ್ತೆಂಬುದನ್ನು ಪ್ರಸ್ತಾಪಿಸಿ, ಇದು ಗುಲಾಮಗಿರಿಯೆಂದೇ ಹೇಳಿದರು.

ಅದು ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಬೆಂಗಳೂರು ಕೂಡ ಸಿದ್ಧ ಉಡುಪಿನ ದೊಡ್ಡ ಕೇಂದ್ರ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯನ್ನು ಹಿಂಪಡೆಯುವ ನಿಯಮ ಬಿಗಿಯಾದಾಗ ಅಲ್ಲಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆಯರು ರಸ್ತೆಗಿಳಿದರು. ಕೇಂದ್ರ ಸರಕಾರ ಆ ನಿಯಮವನ್ನು ಕೈಬಿಡಬೇಕಾಯಿತು. ಕಿರು ಸಂಬಳದಿಂದ ಕೂಡಿಟ್ಟ ಅಷ್ಟೇ ಹಣ ಅವರ ಮಕ್ಕಳ ಓದಿಗೂ ಮನೆಯ ಕಾಯಿಲೆಗೂ ಆಧಾರವೆಂಬುದು ಆಗ ನಾಡಿಗೆ ತಿಳಿಯಿತು. ಇತ್ತ ಕೈಬೆರಳಿನ ತುದಿಯಿಂದ ಒತ್ತಿದರೆ ಸಾಕು, ನಿಮಿಷಗಳೊಳಗೆ ಸಾಮಾನು ಮನೆಬಾಗಿಲಿಗೆ ಬರುವ ಕಾಲವಿದು. ಮಳೆಯಲ್ಲಿ ನೆನೆದು ಮೂರು ಮಹಡಿ ಹತ್ತಿ ಬರುವ ಆ ಹುಡುಗನಿಗೆ ಬಹುಕಾಲ ಕಾನೂನಿನ ರಕ್ಷಣೆಯೇ ಇರಲಿಲ್ಲ. ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು ಕಾಯ್ದೆಯೊಂದನ್ನು ತಂದದ್ದು 2025ರಲ್ಲಿ.

1891ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ‘ರೇರುಂ ನೊವಾರುಂ’ ಎಂಬ ವಿಶ್ವಪರಿಪತ್ರದಲ್ಲಿ, ಕಾರ್ಮಿಕನು ಬೇರೆ ದಾರಿ ಕಾಣದೆ ಒಪ್ಪಿಕೊಂಡ ಸಂಬಳ ಒಪ್ಪಿಗೆಯ ಕಾರಣಮಾತ್ರದಿಂದ ನ್ಯಾಯವಾಗುವುದಿಲ್ಲವೆಂದು ಬೋಧಿಸಿದರು. 2009ರಲ್ಲಿ ಹದಿನಾರನೇ ಬೆನೆಡಿಕ್ಟರು ‘ಕಾರಿತಾಸ್ ಇನ್ ವೆರಿತಾತೆ’ಯಲ್ಲಿ ಆ ಬೋಧನೆಯನ್ನು ಗಿರಾಕಿಯವರೆಗೂ ವಿಸ್ತರಿಸಿ, ಕೊಳ್ಳುವುದು ಆರ್ಥಿಕ ಕ್ರಿಯೆ ಮಾತ್ರವಲ್ಲ, ಯಾವಾಗಲೂ ನೈತಿಕ ಕ್ರಿಯೆಯೂ ಹೌದೆಂದರು. 2015ರ ‘ಲೌದಾತೊ ಸಿ’ಯಲ್ಲಿ ಪೋಪ್ ಫ್ರಾನ್ಸಿಸರು ಇದನ್ನೇ ಮತ್ತೆ ನೆನಪಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ, ಹದಿಮೂರನೇ ಲಿಯೋ ಮತ್ತು ಅವರ ಆ ವಿಶ್ವಪರಿಪತ್ರವೇ ತಮಗೆ ಮುಖ್ಯ ಪ್ರೇರಣೆಯೆಂದು ತಿಳಿಸಿದರು. ಇದು ಅಂದಿನಿಂದ ಇಂದಿನವರೆಗೆ ಹರಿದುಬಂದ ಒಂದೇ ಧಾರೆ.

ಪ್ರತಿಯೊಂದು ಅಂಗಿಯ ಹಿಂದಿನ ಕಥೆಯನ್ನು ಶೋಧಿಸುವುದು ಒಂದು ಸಾಮಾನ್ಯ ಕುಟುಂಬಕ್ಕೆ ಸಾಧ್ಯವಿಲ್ಲ, ಧರ್ಮಸಭೆ ಅದನ್ನು ಬಯಸುವುದೂ ಇಲ್ಲ. ದುಬಾರಿ ಬೆಲೆ ಕೊಟ್ಟ ಮಾತ್ರಕ್ಕೆ ಹೊಲಿದವಳಿಗೆ ಹೆಚ್ಚು ಸಂಬಳ ಸಿಕ್ಕಿತೆಂದು ತಿಳಿಯುವುದೂ ಭ್ರಮೆ. ಆದರೆ ‘ಇಷ್ಟು ಅಗ್ಗಕ್ಕೆ ಇದು ಹೇಗೆ ಸಿಗುತ್ತದೆ, ಉಳಿದ ಬೆಲೆಯನ್ನು ತೆತ್ತವರು ಯಾರು?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳಬೇಕು. ಆ ಪ್ರಶ್ನೆ ಎದ್ದರೆ, ಬೇಡದ್ದನ್ನು ಕೊಳ್ಳದಿರುವ, ಕೊಂಡದ್ದನ್ನು ಬಹುಕಾಲ ಬಳಸುವ, ಹರಿದದ್ದನ್ನು ಹೊಲಿಸುವ ಹಳೆಯ ಅಭ್ಯಾಸಗಳು ತಾವಾಗಿ ಮರಳಿ ಬಂದಾವು.

ಮನೆಯಿಂದಲೇ ಆರಂಭ

ಹಾಗಾದರೆ ಒಂದು ಕಥೋಲಿಕ ಕುಟುಂಬ ಮಾಡಬಹುದಾದುದೇನು? ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಮುಖ ಕಾಣುವ ಕಡೆಯಿಂದ ಆರಂಭಿಸಿದರೆ ಸಾಕು. ದಿನನಿತ್ಯ ಮನೆಗೆ ಬರುವ ಮೀನಿನವಳ, ಸೊಪ್ಪಿನವಳ ಬೆಲೆ ನ್ಯಾಯವಾಗಿದೆಯೆಂದು ತೋರಿದರೆ ಅದನ್ನು ವಾದವಿಲ್ಲದೆ ಕೊಡುವುದು. ಅಂಗಡಿಯ ಕಡವನ್ನು ಸಂಬಳದ ದಿನವೇ ತೀರಿಸುವುದು. ಹೊಲಿಗೆ, ಬಡಗಿ ಕೆಲಸ, ತೋಟದ ಕೆಲಸ ಮಾಡಿದವರಿಗೆ ‘ನಾಳೆ ಬಾ’ ಎನ್ನದಿರುವುದು. ಚಿಲ್ಲರೆ ಕೊಡುವಾಗ ವ್ಯಾಪಾರಿ ತಪ್ಪಿ ಹೆಚ್ಚು ಕೊಟ್ಟರೆ ಹಿಂದಿರುಗಿಸುವುದು. ಸಮಾರಂಭಕ್ಕೆ ಉಟ್ಟ ಬಟ್ಟೆಯನ್ನು ಒಪ್ಪಿಗೆಯಾಗಲಿಲ್ಲವೆಂದು ಮರಳಿಸಿ ಹಣ ಪಡೆಯದಿರುವುದು.

ಕ್ರಿಸ್ಮಸ್ ಹತ್ತಿರವಾದಂತೆ ಆಗಮನ ಕಾಲ ಖರೀದಿಯ ಕಾಲವಾಗಿಬಿಡುವುದನ್ನು ಪ್ರತಿ ವರ್ಷವೂ ಕಾಣುತ್ತೇವೆ. ಗೋದಲಿ ಕಟ್ಟುವ ಮುನ್ನ ಮನೆಮಂದಿ ಒಂದು ಸಂಜೆ ಜಪಸರದ ಬಳಿಕ ಕುಳಿತು ಹಬ್ಬದ ಖರ್ಚಿನ ಪಟ್ಟಿಯನ್ನು ಮಕ್ಕಳ ಮುಂದೆಯೇ ಓದಬಾರದೇಕೆ? ಇದು ನಮಗೆ ಬೇಕೇ, ಇದನ್ನು ಮಾಡಿದವರು ಯಾರು, ನೆರೆಮನೆಯ ವಿಧವೆಯೊಬ್ಬರು ಕುಸ್ವಾರ್ ಮಾಡಿ ಮಾರುತ್ತಿದ್ದರೆ ಅವರಿಂದ ಕೊಳ್ಳಬಹುದಲ್ಲವೇ ಎಂದು ವಿಚಾರಿಸಬಹುದು. ಧರ್ಮೋಪದೇಶ ತರಗತಿಯ ಪಾಠಕ್ಕಿಂತ ತಾಯಿ ಬುಟ್ಟಿಯ ಮುಂದೆ ನಡೆದುಕೊಳ್ಳುವ ರೀತಿಯಿಂದಲೇ ಮಕ್ಕಳು ಹೆಚ್ಚು ಕಲಿಯುತ್ತಾರೆ. ಬಡವರ ಬಾಯಿಂದ ಇಪ್ಪತ್ತು ರೂಪಾಯಿ ಕಿತ್ತದ್ದನ್ನು ಊಟದ ಮೇಜಿನಲ್ಲಿ ಸಾಹಸವೆಂದು ಬಣ್ಣಿಸುವ ಮನೆಯಲ್ಲಿ ಬೆಳೆದ ಮಗು ನಾಳೆ ಕಾರ್ಖಾನೆಯ ಒಡೆಯನಾದರೆ, ಕಾರ್ಮಿಕರ ಸಂಬಳವನ್ನು ಯಾವ ಮನಸ್ಸಿನಿಂದ ಲೆಕ್ಕ ಹಾಕೀತು?

ಜಕ್ಕಾಯನ ಮನೆಗೆ ಪ್ರಭು ಯೇಸು ಅತಿಥಿಯಾಗಿ ಬಂದಾಗ ಆತನಲ್ಲಿ ಉಂಟಾದ ಪರಿವರ್ತನೆ ಹಣದ ವಿಷಯದಲ್ಲಿಯೇ ಮೊದಲು ಪ್ರಕಟವಾಯಿತೆಂಬುದನ್ನು ಸಂತ ಲೂಕರು ದಾಖಲಿಸಿದ್ದಾರೆ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದ ಆತನು ಅಲ್ಲಿಗೇ ನಿಲ್ಲಲಿಲ್ಲ. ಅನ್ಯಾಯವಾಗಿ ಕಸಿದುಕೊಂಡದ್ದನ್ನು ನಾಲ್ಕು ಪಟ್ಟಾಗಿ ಹಿಂದಿರುಗಿಸುವೆನೆಂದು ಮಾತುಕೊಟ್ಟನು. ದಾನವೂ ಉಂಟು, ನ್ಯಾಯವೂ ಉಂಟು. ಒಂದು ಇನ್ನೊಂದರ ಬದಲಿಯಲ್ಲ. ಪ್ರತಿ ಭಾನುವಾರ ಪರಮಪ್ರಸಾದದಲ್ಲಿ ಅದೇ ಪ್ರಭುವನ್ನು ನಾವು ಹೃದಯದ ಮನೆಗೆ ಬರಮಾಡಿಕೊಳ್ಳುತ್ತೇವೆ. ಸೋಮವಾರ ಬೆಳಗ್ಗೆ ಅಂಗಳದ ಬದಿಯಲ್ಲಿ ಬುಟ್ಟಿ ಇಳಿಯುವಾಗಲೂ ಆತನು ಆ ಮನೆಯಲ್ಲಿಯೇ ಇರುತ್ತಾನೆ. ಆತನ ಕಣ್ಣೆದುರಿನಲ್ಲಿ ಆಡಬಹುದಾದ ಮಾತನ್ನೇ ಬುಟ್ಟಿಯವಳೊಡನೆ ಆಡೋಣ, ಆತನ ಕಣ್ಣೆದುರಿನಲ್ಲಿ ಕೊಡಬಹುದಾದ ಬೆಲೆಯನ್ನೇ ಕೊಡೋಣ.